ಮಗುವಿನ ಮೊಗಕ್ಕೆ ಬಣ್ಣ ಹಚ್ಚುವ ಮುನ್ನ

ಬಣ್ಣವೆಂದರೆ ಮಕ್ಕಳಿಗೆ ಪಂಚಪ್ರಾಣ. ಗೋಡೆಯಿರಲಿ, ನೆಲವಿರಲಿ, ತಂದೆಯ ಲೆಕ್ಕದ ಪುಸ್ತಕವೇ ಇರಲಿ, ಕೈಗೆ ಬಣ್ಣದ ಕಡ್ಡಿಯೊಂದು ದೊರೆತರೆ ಗೀಚದೆ ಬಿಡುವ ಮಗು ವಿರಳ. ಅದೇ ಬಣ್ಣ ತನ್ನ ಕೆನ್ನೆಯನ್ನೇರಿ, ಕನ್ನಡಿಯಲ್ಲಿ ತಾನು ಹುಲಿಯಾಗಿಯೋ ಚಿಟ್ಟೆಯಾಗಿಯೋ ಕಂಡಾಗ ಅದಕ್ಕಾಗುವ ಆನಂದವಂತೂ ಹೇಳತೀರದು.

ಮುಂಬಯಿ ಮಹಾನಗರದಲ್ಲಿ ಮಕ್ಕಳ ಹುಟ್ಟುಹಬ್ಬದ ಆಚರಣೆ ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿದೆ. ಎಣ್ಣೆಸ್ನಾನ, ಆರತಿ, ಪಾಯಸ ಹಾಗೂ ಹಿರಿಯರ ಆಶೀರ್ವಾದಗಳಲ್ಲಿ ಮುಗಿಯುತ್ತಿದ್ದ ದಿನಕ್ಕೆ ಮೊದಲು ಕೇಕು ಬಂದಿತು, ಬಲೂನುಗಳು ಬಂದವು, ಜಾದೂಗಾರನೂ ಬಂದನು. ಈಗ ಆ ಸಾಲಿಗೆ 'ಫೇಸ್ ಪೇಂಟಿಂಗ್' ಎಂದು ಎಲ್ಲರ ಬಾಯಲ್ಲಿರುವ ಮುಖವರ್ಣವೂ ಸೇರಿದೆ. ಇದು ಬಹುಮಹಡಿ ಕಟ್ಟಡಗಳ ಸಿರಿವಂತರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಧಾರಾವಿಯಂಥ ಜನನಿಬಿಡ ಪ್ರದೇಶದಲ್ಲಿಯೂ ಹತ್ತಡಿ ಅಗಲದ ಖೋಲಿಯ ಹುಟ್ಟುಹಬ್ಬದಲ್ಲಿ, ಗಲ್ಲಿಯ ಗಣೇಶೋತ್ಸವದಲ್ಲಿ, ಬಾಲವಾಡಿಯ ವಾರ್ಷಿಕೋತ್ಸವದಲ್ಲಿ ಒಂದು ಕುಂಚ, ಒಂದು ಬಟ್ಟಲು ನೀರು ಮತ್ತು ನಾಲ್ಕು ಬಣ್ಣಗಳಿಂದ ಮಕ್ಕಳ ಸಂಜೆ ರಂಗೇರಬಲ್ಲದು. ಹೆಚ್ಚಿನ ಸ್ಥಳ ಬೇಡ, ಧ್ವನಿವರ್ಧಕ ಬೇಡ, ದೊಡ್ಡ ಖರ್ಚೂ ಇಲ್ಲ. ಮಕ್ಕಳನ್ನು ರಂಜಿಸುವ ಉಪಾಯಗಳಲ್ಲಿ ಇದು ಸುಲಭವಾದುದೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆ ನಾಲ್ಕು ಬಣ್ಣಗಳು ಎಲ್ಲಿಂದ ಬಂದವು, ಯಾವ ಕೆಲಸಕ್ಕಾಗಿ ತಯಾರಾದವು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಕಾಗದಕ್ಕೆಂದು ಮಾಡಿದ ಬಣ್ಣ, ಹಣತೆಗೆಂದು ಮಾಡಿದ ಬಣ್ಣ, ಬಟ್ಟೆಗೆಂದು ಮಾಡಿದ ಬಣ್ಣ ಇವೆಲ್ಲವೂ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಮಗುವಿನ ಚರ್ಮಕ್ಕೆ ಮಾತ್ರ ಅವು ಒಂದೇ ಅಲ್ಲ. ಈ ವ್ಯತ್ಯಾಸವನ್ನು ಪಾಲಕರು ಅರಿತರೆ ಮುಖವರ್ಣದ ಆಟ ನಿರಾತಂಕವಾಗಿ ಸಾಗುವುದು.

ನಮ್ಮ ನಾಡಿಗೆ ಹೊಸತಲ್ಲ

ಮುಖಕ್ಕೆ ಬಣ್ಣ ಹಚ್ಚುವುದು ಪರದೇಶದಿಂದ ಬಂದ ಪದ್ಧತಿಯೆಂದು ತಿಳಿಯಬೇಕಾಗಿಲ್ಲ. ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ದೀಪದ ಮುಂದೆ ಕುಳಿತು ಗಂಟೆಗಟ್ಟಲೆ ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು ಹಾಗೂ ಸುಣ್ಣವನ್ನು ಕಲಸಿದ ಚುಟ್ಟಿಯನ್ನು ಮುಖದ ಮೇಲೆ ಸಾಲುಸಾಲಾಗಿ ಇಡುತ್ತಾರೆ. ಮಂಗಳೂರು, ಉಡುಪಿಗಳಲ್ಲಿ ಅಷ್ಟಮಿ ಹಾಗೂ ನವರಾತ್ರಿಗಳಂದು ಹುಲಿವೇಷದವರು ಮೈತುಂಬ ಪಟ್ಟೆ ಬರೆಸಿಕೊಂಡು ತಾಸೆಯ ಪೆಟ್ಟಿಗೆ ಕುಣಿಯುತ್ತಾರೆ. ಅವರೊಡನೆ ಮರಿಹುಲಿಗಳಾಗಿ ಪುಟ್ಟ ಬಾಲಕರೂ ಹೆಜ್ಜೆ ಹಾಕುತ್ತಾರೆ. ಉತ್ತರ ಕರ್ನಾಟಕದ ಊರುಗಳಲ್ಲಿ ಮೊಹರಮ್ಮಿನ ಹುಲಿವೇಷವಿದೆ. ಊರೂರು ಸುತ್ತುವ ಹಗಲುವೇಷಗಾರರ ಪರಂಪರೆಯಿದೆ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕರಾವಳಿಯವರಿಗಾಗಲಿ ಉತ್ತರ ಕರ್ನಾಟಕದವರಿಗಾಗಲಿ ಇವುಗಳ ಪರಿಚಯ ಇದ್ದೇ ಇದೆ.

ಈ ಪರಂಪರೆಯಿಂದ ಕಲಿಯತಕ್ಕ ಪಾಠಗಳು ಎರಡು. ಮೊದಲನೆಯದು, ಬಣ್ಣಗಾರಿಕೆಗೆ ಒಂದು ಶಿಸ್ತು ಇದೆಯೆಂಬುದು. ಯಕ್ಷಗಾನದ ಕಲಾವಿದನು ಬಣ್ಣಕ್ಕೆ ಮೊದಲು ಮುಖಕ್ಕೆ ತೆಂಗಿನೆಣ್ಣೆಯನ್ನು ಸವರಿಕೊಳ್ಳುತ್ತಾನೆ. ಆಟ ಮುಗಿದೊಡನೆ ಎಣ್ಣೆಯಿಂದಲೇ ಬಣ್ಣವನ್ನು ಕರಗಿಸಿ ಒರೆಸಿ ತೆಗೆಯುತ್ತಾನೆ. ಬಣ್ಣದೊಡನೆ ನಿದ್ರೆ ಹೋಗುವುದು ಅವನ ಕ್ರಮವಲ್ಲ.

ಎರಡನೆಯ ಪಾಠ ಇದಕ್ಕಿಂತ ಗಂಭೀರವಾದುದು. ಹಳೆಯದೆಲ್ಲವೂ ನಿರಪಾಯಕಾರಿಯಲ್ಲ. ಹಿಂದೆ ಹಳದಿ ಬಣ್ಣಕ್ಕೆ ಬಳಸುತ್ತಿದ್ದ ಅರದಾಳವು ಶಂಖಪಾಷಾಣ ಮತ್ತು ಗಂಧಕ ಕೂಡಿದ ಖನಿಜ. ಕೆಂಪಿಗೆ ಬಳಸುತ್ತಿದ್ದ ಇಂಗಳೀಕವು ಪಾದರಸ ಮತ್ತು ಗಂಧಕಗಳ ಸಂಯುಕ್ತ. ಹುಲಿವೇಷಕ್ಕೆ ಬಾಗಿಲು-ಕಿಟಕಿಗಳಿಗೆ ಬಳಿಯುವ ಎನಾಮೆಲ್ ಬಣ್ಣವನ್ನು ಹಚ್ಚಿ, ಆ ಬಳಿಕ ಸೀಮೆಎಣ್ಣೆಯಿಂದ ಉಜ್ಜಿ ತೆಗೆಯುವ ರೂಢಿಯೂ ಬೆಳೆದು ಬಂದಿತು. ಹರಕೆಯಿಂದಲೋ ಕಲೆಯ ಮೇಲಿನ ಪ್ರೀತಿಯಿಂದಲೋ ದೊಡ್ಡವರು ಸಹಿಸಿಕೊಂಡುದನ್ನು ಒಂದು ಸಂಜೆಯ ವಿನೋದಕ್ಕಾಗಿ ಐದು ವರ್ಷದ ಮಗುವಿನ ಮೇಲೆ ಹೊರಿಸುವುದು ಸರಿಯಲ್ಲ. 'ನೈಸರ್ಗಿಕ', 'ಸಾಂಪ್ರದಾಯಿಕ' ಎಂಬ ವಿಶೇಷಣಗಳಷ್ಟರಿಂದಲೇ ಯಾವ ಬಣ್ಣವೂ ಮಗುವಿಗೆ ಹಿತಕರವಾಗಲಾರದು.

ಧಾರಾವಿಯು ಕಂಡ ದುರಂತ

೨೦೧೨ನೆಯ ಮಾರ್ಚ್ ೮ರ ಹೋಳಿಯ ದಿನವನ್ನು ಧಾರಾವಿ ಸುಲಭವಾಗಿ ಮರೆಯಲಾರದು. ಅಂದು ಬಣ್ಣದಾಟವಾಡಿದ ಮಕ್ಕಳಲ್ಲಿ ವಾಂತಿ, ತಲೆಸುತ್ತುಗಳು ಕಾಣಿಸಿಕೊಳ್ಳತೊಡಗಿ, ಸುಮಾರು ೨೦೦ ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು. ಬಹುಪಾಲು ರೋಗಿಗಳ ಭಾರವನ್ನು ಹೊತ್ತುದು ಜನರು ಸಾಯನ್ ಆಸ್ಪತ್ರೆಯೆಂದು ಕರೆಯುವ ಲೋಕಮಾನ್ಯ ತಿಲಕ ಮಹಾನಗರಪಾಲಿಕೆ ಆಸ್ಪತ್ರೆ. ೧೩ ವರ್ಷದ ಬಾಲಕನೊಬ್ಬ ಅಸುನೀಗಿದನು. ಬೆಳಿಗ್ಗೆ ನಗುನಗುತ್ತ ಬಣ್ಣ ಹಿಡಿದು ಹೊರಗೆ ಓಡಿದ ಮಕ್ಕಳನ್ನು ತಾಯಂದಿರು ಸಂಜೆಯೊಳಗೆ ಆಸ್ಪತ್ರೆಯ ಹಾಸಿಗೆಗಳಲ್ಲಿ ಕಾಣಬೇಕಾಯಿತು.

ಹೋಳಿಯ ಬಣ್ಣದಾಟವೂ ಹುಟ್ಟುಹಬ್ಬದ ಮುಖವರ್ಣವೂ ಒಂದೇ ಅಲ್ಲ, ನಿಜ. ಆದರೆ ಮಗುವಿನ ಮೈಗೆ ತಗಲುವ ಬಣ್ಣದ ಮೂಲವನ್ನು ಕೇಳಿ ತಿಳಿಯುವ ಅಗತ್ಯ ಎರಡಕ್ಕೂ ಸಮಾನ. ಧಾರಾವಿಯಲ್ಲಿ ಈ ಎಚ್ಚರಕ್ಕೆ ವಿಶೇಷ ಕಾರಣವೂ ಉಂಟು. ಇದು ಬರಿಯ ವಸತಿ ಪ್ರದೇಶವಲ್ಲ; ಮನೆಮನೆಯೂ ಕಾರ್ಖಾನೆಯಾದ ಊರು. ಇಲ್ಲಿ ತೊಗಲಿನ ಕೆಲಸವುಂಟು, ಸಿದ್ಧ ಉಡುಪಿನ ಉದ್ಯಮವುಂಟು. ಕುಂಭಾರವಾಡೆಯಲ್ಲಿ ಹಣತೆ, ಮಡಕೆಗಳಿಗೆ ಬಣ್ಣ ಬಳಿಯಲಾಗುತ್ತದೆ. ತೇರಾ ಕಂಪೌಂಡಿನಲ್ಲಿ ನಗರದ ಮೂಲೆಮೂಲೆಗಳಿಂದ ಬಂದ ಪ್ಲಾಸ್ಟಿಕ್, ಬಣ್ಣದ ಡಬ್ಬಿ, ರಾಸಾಯನಿಕದ ಪೀಪಾಯಿಗಳು ಮರುಬಳಕೆಗೆ ಸಿದ್ಧವಾಗುತ್ತವೆ. ಸಾವಿರಾರು ಕುಟುಂಬಗಳಿಗೆ ಅನ್ನವನ್ನೀಯುವ ಈ ದುಡಿಮೆ ಗೌರವಕ್ಕೆ ಅರ್ಹವಾದುದು. ಆದರೆ ಕೈಗಾರಿಕೆಯ ಬಣ್ಣವೂ ಮಕ್ಕಳ ಆಟವೂ ಒಂದೇ ಗಲ್ಲಿಯಲ್ಲಿ ನೆರೆಹೊರೆಯಾಗಿರುವಾಗ, ಡಬ್ಬಿಯ ತಳದಲ್ಲಿ ಉಳಿದ ಹೊಳೆಯುವ ಕೆಂಪು, ಚೀಲದ ಮೂಲೆಯಲ್ಲಿ ಉಳಿದ ನೀಲಿ ಪುಡಿ ಮಕ್ಕಳ ಕೈಗೆ ಎಟುಕುವುದು ಅಸಂಭವವೇನಲ್ಲ. ದುಡ್ಡಿಲ್ಲದೆ ದೊರೆತ ಬಣ್ಣಕ್ಕೆ ತೆರಬೇಕಾದ ಬೆಲೆ ಕೆಲವೊಮ್ಮೆ ಬಹು ದೊಡ್ಡದು.

ಬಣ್ಣದೊಳಗೆ ಏನಿದೆ?

ಯಾವುದೇ ಬಣ್ಣದಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಪದಾರ್ಥಗಳಿರುತ್ತವೆ. ಮೊದಲನೆಯದು ವರ್ಣ ನೀಡುವ ಪುಡಿ. ಎರಡನೆಯದು ಆ ಪುಡಿಯನ್ನು ಹಿಡಿದು ಅಂಟಿಸುವ ವಸ್ತು. ಮೂರನೆಯದು ಬಣ್ಣ ಕೆಡದಂತೆ ಕಾಪಾಡುವ ರಾಸಾಯನಿಕ. ಮುಖಕ್ಕೆಂದು ತಯಾರಾದ ನೀರುಬಣ್ಣದಲ್ಲಿ ಅಂಟಿಗೆ ಗೋಂದು, ಗ್ಲಿಸರಿನ್, ಮೇಣ ಮುಂತಾದವುಗಳನ್ನು ಬಳಸುತ್ತಾರೆ. ಇವು ಒದ್ದೆ ಬಟ್ಟೆಗೆ, ಸಾಬೂನಿನ ನೀರಿಗೆ ಸುಲಭವಾಗಿ ಬಿಟ್ಟುಕೊಡುತ್ತವೆ. ಎನಾಮೆಲ್ ಬಣ್ಣದಲ್ಲಿ ರಾಳ ಮತ್ತು ಟರ್ಪೆಂಟೈನಿನಂಥ ದ್ರಾವಕಗಳಿರುತ್ತವೆ. ಆಕ್ರಿಲಿಕ್ ಬಣ್ಣ ಒಣಗಿದ ಮೇಲೆ ಪ್ಲಾಸ್ಟಿಕ್ಕಿನ ಪೊರೆಯಂತಾಗಿ, ಕೀಳುವಾಗ ಎಳೆಯ ಚರ್ಮವನ್ನೂ ಎಳೆದು ತರುತ್ತದೆ. ಬಟ್ಟೆಗೆ ಹಾಕುವ ಬಣ್ಣವಂತೂ ತೊಳೆದರೂ ಬಿಡದಂತೆ ನೂಲಿನೊಳಗೆ ಇಳಿಯುವುದಕ್ಕೆಂದೇ ಸಿದ್ಧವಾದುದು.

ಶಾಲಾ ಮಕ್ಕಳ ಪೋಸ್ಟರ್ ಬಣ್ಣ, ಸ್ಕೆಚ್ ಪೆನ್ನುಗಳ ಮೇಲೆ 'ವಿಷರಹಿತ' ಎಂದು ಮುದ್ರಿಸಿರುವುದನ್ನು ನೋಡಿ ಅವನ್ನೇ ಕೆನ್ನೆಗೆ ಬಳಸುವವರಿದ್ದಾರೆ. ಆ ಮಾತಿನ ಅರ್ಥವನ್ನು ಸರಿಯಾಗಿ ಗ್ರಹಿಸಬೇಕು. ಕಾಗದದ ಮೇಲೆ ಬರೆಯುವಾಗ ಅಕಸ್ಮಾತ್ತಾಗಿ ಬೆರಳಿಗೆ ತಗಲಿದರೆ ಹಾನಿಯಿಲ್ಲವೆಂಬುದು ಒಂದು ಮಾತು. ಮೂರು ಗಂಟೆಗಳ ಕಾಲ ಬೆವರಿನೊಡನೆ ಮುಖದ ಮೇಲಿದ್ದು, ತುಟಿ-ಕಣ್ಣುಗಳತ್ತ ಹರಿಯುವ ಬಣ್ಣ ನಿರಪಾಯಕಾರಿಯೆಂಬುದು ಬೇರೆಯೇ ಮಾತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಚರ್ಮಕ್ಕಾಗಿ ತಯಾರಾಗದ ಯಾವ ಬಣ್ಣವನ್ನೂ ಮುಖಕ್ಕೆ ಬಳಸಬಾರದೆಂದು ಪಾಲಕರಿಗೆ ಸ್ಪಷ್ಟವಾಗಿ ಸಲಹೆ ನೀಡುತ್ತದೆ.

ಎಳೆಯ ಚರ್ಮ, ಎಳೆಯ ದೇಹ

ಮಗುವೆಂದರೆ ಅಳತೆಯಲ್ಲಿ ಚಿಕ್ಕದಾದ ದೊಡ್ಡ ಮನುಷ್ಯನಲ್ಲ. ದೇಹದ ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಶಿಶುಗಳಲ್ಲಿ ಚರ್ಮದ ಹೊರಪದರವೂ ತೆಳುವಾಗಿರುತ್ತದೆ. ಆದುದರಿಂದ ಅಷ್ಟೇ ಬಣ್ಣ, ಅಷ್ಟೇ ಹೊತ್ತು ಮೈಮೇಲಿದ್ದರೂ ಮಗುವಿಗೆ ತಗಲುವ ಪಾಲು ಹೆಚ್ಚಾಗುವುದು. ಚರ್ಮದ ಮೇಲೆ ಗಾಯ, ಇಸಬು, ಸೊಳ್ಳೆ ಕಚ್ಚಿದ ಗಂದೆ ಇದ್ದರೆ ಬಣ್ಣ ಒಳಸೇರುವ ದಾರಿ ಮತ್ತಷ್ಟು ಸುಗಮವಾಗುತ್ತದೆ.

ಇದಕ್ಕಿಂತ ದೊಡ್ಡ ಹೆದ್ದಾರಿ ಬಾಯಿ. ಮಕ್ಕಳು ತುಟಿಯನ್ನು ನೆಕ್ಕುತ್ತಾರೆ. ಕೆನ್ನೆ ಮುಟ್ಟಿದ ಬೆರಳನ್ನು ಚೀಪುತ್ತಾರೆ. ಬಣ್ಣದ ಕೈಯಲ್ಲೇ ವೇಫರ್ ತಿನ್ನುತ್ತಾರೆ. ಅಗ್ಗದ ಬಣ್ಣಗಳಲ್ಲಿ ಇರಬಹುದಾದ ಸೀಸದಂಥ ಲೋಹವು ಗಾಯವಿಲ್ಲದ ಚರ್ಮದ ಮೂಲಕ ಅಷ್ಟಾಗಿ ಒಳಸೇರದಿದ್ದರೂ ಹೊಟ್ಟೆಯ ಮೂಲಕ ಸೇರುತ್ತದೆ. ಒಂದೇ ಪ್ರಮಾಣದ ಸೀಸವನ್ನು ನುಂಗಿದಾಗ ಎಳೆಯ ಮಗುವಿನ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುವುದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಬೆಳೆಯುತ್ತಿರುವ ಮೆದುಳಿಗೆ ಸೀಸವು ಶತ್ರು. ಕಲಿಕೆ, ಏಕಾಗ್ರತೆಗಳು ಕುಂದುವುದು ಅದರ ಪರಿಣಾಮ. ಇಷ್ಟರವರೆಗೆ ಅಪಾಯವಿಲ್ಲವೆನ್ನಬಹುದಾದ ಮಟ್ಟವೇ ಸೀಸಕ್ಕೆ ಇಲ್ಲವೆಂಬುದು ವೈದ್ಯವಿಜ್ಞಾನದ ಇಂದಿನ ಅಭಿಪ್ರಾಯ.

ಈ ಆತಂಕ ಕೇವಲ ಕಲ್ಪನೆಯದಲ್ಲ. ೨೦೦೯ರಲ್ಲಿ ಅಮೆರಿಕದ ಸಂಘಟನೆಯೊಂದು ಮಕ್ಕಳ ಮುಖವರ್ಣದ ೧೦ ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಹತ್ತರಲ್ಲಿಯೂ ಅಲ್ಪ ಪ್ರಮಾಣದ ಸೀಸ ಕಂಡುಬಂದಿತು. ೬ ಮಾದರಿಗಳಲ್ಲಿ ಚರ್ಮಕ್ಕೆ ಅಲರ್ಜಿಯುಂಟುಮಾಡಬಲ್ಲ ನಿಕ್ಕೆಲ್, ಕೋಬಾಲ್ಟ್ ಅಥವಾ ಕ್ರೋಮಿಯಂ ಇದ್ದವು. ಅದೇ ವರ್ಷ ಆ ದೇಶದಲ್ಲಿಯೇ ಸಮಾರಂಭವೊಂದರಲ್ಲಿ ಬಣ್ಣ ಹಚ್ಚಿಸಿಕೊಂಡ ಮಕ್ಕಳಿಗೆ ಗಂದೆ, ಉರಿ, ಊತಗಳುಂಟಾದಾಗ, ಆ ಬಣ್ಣದಲ್ಲಿ ಸೂಕ್ಷ್ಮಜೀವಿಗಳು ಬೆಳೆದಿದ್ದುದು ಪತ್ತೆಯಾಗಿ ಮಾರಾಟಗಾರರು ಮಾಲನ್ನು ಹಿಂದಕ್ಕೆ ಪಡೆಯಬೇಕಾಯಿತು. ೨೦೧೭ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಭಾರತದಲ್ಲಿಯೂ ಅಮೆರಿಕದಲ್ಲಿಯೂ ಕೊಂಡ ೧೧೮ ಸಿಂಧೂರದ ಮಾದರಿಗಳನ್ನು ಪರೀಕ್ಷಿಸಲಾಗಿ, ಅವುಗಳಲ್ಲಿ ಬಹುಪಾಲು ಮಾದರಿಗಳಲ್ಲಿ ಸೀಸವಿತ್ತು. ದೇವರ ಮನೆಯಲ್ಲಿರುವ ಕುಂಕುಮವೆಂದು ಮಗುವಿನ ತುಟಿಗೆ ಬಳಿದು ವೇಷ ಕಟ್ಟುವವರು ಇದನ್ನು ಗಮನಿಸಬೇಕು.

ಕೊಳ್ಳುವಾಗ ನೋಡಬೇಕಾದುದು

ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳ ತಯಾರಿಕೆ, ಮಾರಾಟಗಳು ೧೯೪೦ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮಕ್ಕೂ ೨೦೨೦ರ ಸೌಂದರ್ಯವರ್ಧಕ ನಿಯಮಗಳಿಗೂ ಒಳಪಟ್ಟಿವೆ. ಇವುಗಳ ಪ್ರಕಾರ ಸೀಸ ಹಾಗೂ ಶಂಖಪಾಷಾಣದ ಸಂಯುಕ್ತಗಳನ್ನು ಬಣ್ಣ ಬರಿಸುವುದಕ್ಕಾಗಿ ಬಳಸುವುದು ನಿಷಿದ್ಧ. ಗೋಡೆಯ ಬಣ್ಣಕ್ಕೂ ಈಗ ನಿಯಮವುಂಟು. ೨೦೧೭ರ ನವೆಂಬರಿನಿಂದ ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ ೯೦ ಭಾಗಗಳನ್ನು ಮೀರಕೂಡದು. ಆದರೆ ನಿಯಮಗಳಿಂದ ಪ್ರಯೋಜನವಾಗುವುದು ಕೊಳ್ಳುವವನು ಕಣ್ಣು ತೆರೆದು ನೋಡಿದಾಗ ಮಾತ್ರ.

ಚೆಕ್ಕು ಕೈಗೆ ಬಂದಾಗ ಮೊತ್ತವನ್ನಷ್ಟೇ ಅಲ್ಲದೆ ದಿನಾಂಕ, ಸಹಿಗಳನ್ನೂ ನೋಡುವುದು ವಾಡಿಕೆ. ಬಣ್ಣದ ಡಬ್ಬಿಯ ವಿಷಯದಲ್ಲಿಯೂ ಅದೇ ಕ್ರಮ ಒಳಿತು. ಅದರ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ತಯಾರಿಕೆಯ ಪರವಾನಗಿ ಸಂಖ್ಯೆ, ತಂಡದ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಹಾಗೂ ಒಳಗಿರುವ ಪದಾರ್ಥಗಳ ಪಟ್ಟಿ ಇರಬೇಕು. ಹೊರದೇಶದ ಮಾಲಾದರೆ ಆಮದು ಮಾಡಿಕೊಂಡವರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ನೋಡತಕ್ಕದ್ದು. ಚರ್ಮದ ಮೇಲೆ ಬಳಸಲು ತಯಾರಾದುದೆಂಬ ಮಾತು ಸ್ಪಷ್ಟವಾಗಿರಬೇಕು. ಕ್ರಾಫರ್ಡ್ ಮಾರ್ಕೆಟಿನಲ್ಲಿಯೋ ರಸ್ತೆಬದಿಯ ಗಾಡಿಯಲ್ಲಿಯೋ ಇವಾವುದೂ ಇಲ್ಲದ, ಬರಿಯ ಚಿತ್ರದ ಹೊದಿಕೆಯ ಅಗ್ಗದ ಪೆಟ್ಟಿಗೆ ದೊರೆತರೆ ಅದನ್ನು ಅಲ್ಲಿಯೇ ಬಿಟ್ಟು ಬರುವುದು ಜಾಣತನ. ಒಳ್ಳೆಯ ಬಣ್ಣದ ಬಿಲ್ಲೆಯೊಂದು ಹಲವಾರು ಕೆನ್ನೆಗಳಿಗೆ ಸಾಕಾಗುವುದು. ನಾಲ್ಕು ಮನೆಯವರು ಕೂಡಿ ಕೊಂಡರೆ ಯಾರಿಗೂ ಹೊರೆಯಾಗದು.

ಬಣ್ಣ ಕೊಳ್ಳುವುದು ಸಾಧ್ಯವಾಗದಿದ್ದರೆ ಮನೆಯಲ್ಲಿಯೇ ಸರಳವಾದುದನ್ನು ಸಿದ್ಧಪಡಿಸಬಹುದು. ಮಗುವಿಗೆ ಮೊದಲಿನಿಂದಲೂ ಒಗ್ಗಿರುವ ಕೋಲ್ಡ್ ಕ್ರೀಮಿಗೆ ಮೆಕ್ಕೆಜೋಳದ ನುಣ್ಣನೆಯ ಪಿಟ್ಟನ್ನು ಕಲಸಿದರೆ ಬಿಳಿ ಬಣ್ಣವಾಗುತ್ತದೆ. ಚಿಟಿಕೆ ಅಡುಗೆಯ ಅರಿಶಿನ ಸೇರಿಸಿದರೆ ಹಳದಿ. ಗಟ್ಟಿಯಾದ ಬೀಟ್‌ರೂಟ್ ರಸದ ಕೆಲವು ಹನಿಗಳಿಂದ ತಿಳಿಗೆಂಪು. ಇವನ್ನು ಅಂದು ಮಾಡಿ ಅಂದೇ ಬಳಸಿ, ಉಳಿದುದನ್ನು ಚೆಲ್ಲಬೇಕು. ಕೆಡದಂತೆ ಕಾಯುವ ಪದಾರ್ಥ ಅವುಗಳಲ್ಲಿ ಇಲ್ಲದ ಕಾರಣ ಮರುದಿನಕ್ಕೆ ಕೆಟ್ಟಿರುತ್ತವೆ.

ದೂರವಿಡಬೇಕಾದ ನಾಲ್ಕು ವಸ್ತುಗಳು

ಒಂದು, ಸುಣ್ಣ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಸೊಗಸಾದ ಕೆಂಪು ಬರುತ್ತದೆಂದು ಅಜ್ಜಿಯರು ಬಲ್ಲರು. ಆದರೆ ಸುಣ್ಣವು ತೀಕ್ಷ್ಣವಾದ ಕ್ಷಾರ. ಅದರ ಒಂದು ಹನಿ ಕಣ್ಣಿಗೆ ಬಿದ್ದರೂ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಸುಟ್ಟು ದೃಷ್ಟಿಯೇ ಹೋಗಬಹುದು. ಎಲೆ-ಅಡಿಕೆಯ ಅಂಗಡಿಯ ಸುಣ್ಣದ ಪೊಟ್ಟಣ ಒಡೆದು ಕಣ್ಣು ಕಳೆದುಕೊಂಡ ಮಕ್ಕಳನ್ನು ನಮ್ಮ ದೇಶದ ನೇತ್ರವೈದ್ಯರು ಕಂಡಿದ್ದಾರೆ.

ಎರಡು, ಕರಿ ಮೆಹಂದಿ. ಶುದ್ಧವಾದ ಗೋರಂಟಿ ಎಂದೂ ಕಪ್ಪಾಗಿ ಹತ್ತುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಕಪ್ಪು ಬಣ್ಣ ಹತ್ತಿತೆಂದರೆ ಅದರಲ್ಲಿ ಕೂದಲಿನ ಬಣ್ಣಕ್ಕೆ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆತಿರುವ ಸಂಭವವೇ ಹೆಚ್ಚು. ಅದರಿಂದ ಬೊಬ್ಬೆಗಳೇಳುವುದಲ್ಲದೆ, ಒಮ್ಮೆ ಅಲರ್ಜಿ ತಗಲಿದರೆ ಅದು ಜೀವಮಾನವಿಡೀ ಉಳಿಯಬಹುದು.

ಮೂರು, ಕುಶಲಕಲೆಯ ಚಮಕಿ ಪುಡಿ. ಶುಭಾಶಯ ಪತ್ರಗಳಿಗೆ ಅಂಟಿಸುವ ಈ ಚಮಕಿಯ ಚೂರುಗಳು ಚೂಪಾದ ಅಂಚುಳ್ಳವು. ಕಣ್ಣಿಗೆ ಬಿದ್ದು ಉಜ್ಜಿದರೆ ಗೀರಾಗುತ್ತದೆ. ಚರ್ಮಕ್ಕೆಂದೇ ಮಾಡಿದ ನುಣುಪಾದ ಚಮಕಿಯನ್ನೂ ಕಣ್ಣಿನ ಬಳಿ ಬಳಸದಿರುವುದು ಲೇಸು.

ನಾಲ್ಕು, ಅಂಟು. ಮೀಸೆ, ಮಣಿ, ಹರಳುಗಳನ್ನು ಅಂಟಿಸಲು ಮನೆಯ ಗೋಂದನ್ನು, ಚಪ್ಪಲಿಗೆ ಹಚ್ಚುವ ಅಂಟನ್ನು ಬಳಸಕೂಡದು. ಅಗ್ಗದ ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕದಿಂದ ಹಣೆಯ ಮೇಲೆ ತೊನ್ನಿನಂಥ ಬಿಳಿ ಕಲೆ ಮೂಡುವುದನ್ನು ಚರ್ಮವೈದ್ಯರು ಬಹುಕಾಲದಿಂದ ಬಲ್ಲರು.

ಹಚ್ಚುವ ಕ್ರಮ

ಮೂರು ವರ್ಷದೊಳಗಿನ ಮಕ್ಕಳ ಮುಖಕ್ಕೆ ಬಣ್ಣ ಹಚ್ಚದಿರುವುದೇ ಉತ್ತಮ. ಅವರ ಅಂಗೈ ಹಿಂಭಾಗದಲ್ಲಿ ಒಂದು ಪುಟ್ಟ ಹೂವನ್ನು ಬರೆದರೂ ಅವರಿಗೆ ಸಂತೋಷವೇ. ದೊಡ್ಡ ಮಕ್ಕಳಿಗೂ ಸಮಾರಂಭಕ್ಕೆ ಒಂದೆರಡು ದಿನ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಬಣ್ಣದ ಒಂದು ಬೊಟ್ಟನ್ನಿಟ್ಟು ನೋಡಬೇಕು. ೪೮ ಗಂಟೆಗಳೊಳಗೆ ಕೆಂಪೇರಿಕೆ, ತುರಿಕೆ ಕಾಣದಿದ್ದರೆ ಮುಂದುವರಿಯಬಹುದು. ಅತಿಥಿಗಳಾಗಿ ಬರುವ ಮಕ್ಕಳ ವಿಷಯದಲ್ಲಿ ಅವರ ತಾಯಂದಿರನ್ನು ಮುಂಚಿತವಾಗಿ ಕೇಳುವುದು ಸೌಜನ್ಯವೂ ಹೌದು, ಸುರಕ್ಷೆಯೂ ಹೌದು. ಕೆಮ್ಮು-ನೆಗಡಿ, ಕಣ್ಣು ಬೇನೆ, ತುಟಿಯ ಮೇಲೆ ಹುಣ್ಣು ಅಥವಾ ಕೀವುಗುಳ್ಳೆ ಇರುವ ಮಗುವಿಗೆ ಅಂದು ಬಣ್ಣ ಬೇಡ.

ಬಣ್ಣಕ್ಕಿಂತ ಹೆಚ್ಚಾಗಿ ಸ್ಪಂಜಿನಿಂದ ರೋಗ ಹರಡುವುದೆಂಬುದು ಅನೇಕರಿಗೆ ತಿಳಿಯದು. ಒಂದೇ ಒದ್ದೆ ಸ್ಪಂಜನ್ನು ಇಪ್ಪತ್ತು ಮುಖಗಳಿಗೆ ಒತ್ತುತ್ತ ಹೋದರೆ ಒಬ್ಬನ ಕೀವುಗುಳ್ಳೆಯೋ ಕಣ್ಣು ಬೇನೆಯೋ ಉಳಿದವರಿಗೆಲ್ಲ ಹಂಚಿಹೋಗುವುದು. ಆದಕಾರಣ ಮಗುವಿಗೊಂದು ಸ್ಪಂಜಿನ ತುಂಡು ಎಂಬ ನಿಯಮವನ್ನು ಪಾಲಿಸಬೇಕು. ದೊಡ್ಡ ಸ್ಪಂಜನ್ನು ಕತ್ತರಿಸಿ ಚಿಕ್ಕ ತುಂಡುಗಳನ್ನು ಮಾಡಿಟ್ಟುಕೊಂಡರೆ ಖರ್ಚೂ ಹೆಚ್ಚದು. ಕುಂಚವನ್ನು ಪ್ರತಿ ಮಗುವಿನ ಬಳಿಕ ಸಾಬೂನಿನ ನೀರಿನಲ್ಲಿಯೂ ಅನಂತರ ಶುದ್ಧವಾದ ನೀರಿನಲ್ಲಿಯೂ ಅಲುಗಿಸಿ ತೊಳೆಯಬೇಕು. ನೀರು ಕುಡಿಯುವ ನೀರೇ ಆಗಿರಲಿ, ಮಸುಕಾದೊಡನೆ ಬದಲಿಸಬೇಕು. ಬಣ್ಣ ಹಚ್ಚುವವರ ಕೈಯೂ ತೊಳೆದದ್ದಾಗಿರಬೇಕು.

ಇಕ್ಕಟ್ಟಾದ ಖೋಲಿಯಲ್ಲಿ ಮಕ್ಕಳೆಲ್ಲ ಒಮ್ಮೆಲೇ ಮುತ್ತಿಕೊಂಡರೆ ಕುಂಚ ಕಣ್ಣಿಗೆ ತಿವಿಯುವ ಭಯವುಂಟು. ಬಾಗಿಲ ಬಳಿ, ಬೆಳಕು ಬೀಳುವ ಕಡೆ ಒಂದು ಕುರ್ಚಿಯನ್ನಿಟ್ಟು, ಉಳಿದವರನ್ನು ಗಲ್ಲಿಯಲ್ಲಿ ಆಟಕ್ಕೆ ತೊಡಗಿಸಿ, ಒಬ್ಬೊಬ್ಬರನ್ನೇ ಕರೆಯುವುದು ಲೇಸು. ತಿಂಡಿ ಮೊದಲು, ಬಣ್ಣ ಅನಂತರ ಎಂಬ ಕ್ರಮವನ್ನಿಟ್ಟುಕೊಂಡರೆ ಬಣ್ಣ ಹೊಟ್ಟೆಗಿಳಿಯುವ ಪ್ರಸಂಗ ಕಡಿಮೆಯಾಗುವುದು. ಕಣ್ಣಿನ ರೆಪ್ಪೆ, ತುಟಿ, ಮೂಗಿನ ಹೊಳ್ಳೆಗಳನ್ನು ಬಿಟ್ಟು ಕೆನ್ನೆ, ಹಣೆಗಳಲ್ಲಿ ಮಾತ್ರ ಬರೆಯಬೇಕು. ಮುಂಬಯಿಯ ಸೆಕೆಯಲ್ಲಿ, ಅದರಲ್ಲಿಯೂ ಮೇ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ, ಹಣೆಯ ಬಣ್ಣ ಬೆವರಿನೊಡನೆ ಕಣ್ಣಿಗಿಳಿಯುವುದರಿಂದ ಆಗ ಕೆನ್ನೆಯೊಂದೇ ಸಾಕು. ಮುಖವಿಡೀ ಬಳಿಯುವುದಕ್ಕಿಂತ ಒಂದು ಕೆನ್ನೆಯ ಮೇಲೆ ಬರೆದ ಗಿಳಿಯೋ ನವಿಲುಗರಿಯೋ ಹೆಚ್ಚು ಅಂದವಾಗಿಯೂ ಕಾಣುವುದು.

ಮಗುವಿನ ಇಷ್ಟಾನಿಷ್ಟಗಳಿಗೂ ಬೆಲೆಯಿರಲಿ. ಕೆಲವು ಮಕ್ಕಳು ಅಪರಿಚಿತರು ಮುಖ ಮುಟ್ಟುವುದನ್ನು ಸಹಿಸರು; ಇನ್ನು ಕೆಲವರು ಕನ್ನಡಿಯಲ್ಲಿ ತಮ್ಮನ್ನು ತಾವೇ ಕಂಡು ಬೆದರುವರು. ಛಾಯಾಚಿತ್ರದ ಸಲುವಾಗಿ ಅಳುವ ಮಗುವನ್ನು ಹಿಡಿದು ಬಣ್ಣ ಬಳಿಯುವುದರಲ್ಲಿ ಯಾರಿಗೂ ಸಂತೋಷವಿಲ್ಲ. ಅಂಥವರಿಗೆ ರಟ್ಟಿನ ಮುಖವಾಡವನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟು ಕೂರಿಸಿದರೆ ಅವರೂ ಆಟದಲ್ಲಿ ಪಾಲುಗೊಂಡಂತಾಗುತ್ತದೆ.

ತೆಗೆಯುವ ಕ್ರಮ

ಎರಡು-ಮೂರು ಗಂಟೆಗಳಿಗಿಂತ ಹೆಚ್ಚು ಹೊತ್ತು ಬಣ್ಣವನ್ನು ಮುಖದ ಮೇಲೆ ಉಳಿಸಬಾರದು. ದಣಿದ ಮಗು ಹಾಗೆಯೇ ನಿದ್ದೆ ಹೋಗುವುದಕ್ಕೆ ಮುಂಚೆ ಬಣ್ಣ ತೆಗೆದಿರಬೇಕು. ನೀರುಬಣ್ಣವಾದರೆ ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬಟ್ಟೆ ಸಾಕು. ಮೇಣ ಅಥವಾ ಎಣ್ಣೆಯ ಬಣ್ಣವಾದರೆ ಚೌಕಿಯ ಕಲಾವಿದರಂತೆ ಮೊದಲು ಕೊಬ್ಬರಿ ಎಣ್ಣೆಯಿಂದ ಕರಗಿಸಿ, ಹತ್ತಿಯಿಂದ ಒರೆಸಿ, ಅನಂತರ ತೊಳೆಯಬೇಕು. ಸೀಮೆಎಣ್ಣೆ, ಟರ್ಪೆಂಟೈನ್, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ ಇವುಗಳನ್ನು ಮಗುವಿನ ಮುಖದ ಬಳಿಗೆ ತರಲೇಕೂಡದು. ಎರಡು ಬಾರಿ ತೊಳೆದ ಮೇಲೂ ತೆಳುವಾದ ಕಲೆ ಉಳಿದರೆ ಉಜ್ಜುತ್ತ ಕೂರುವುದು ಬೇಡ. ಅದು ಕೆಲವು ದಿನಗಳಲ್ಲಿ ತಾನಾಗಿಯೇ ಮಾಸುವುದು.

ತೊಂದರೆಯಾದರೆ

ಉರಿ, ತುರಿಕೆ ತೋರಿದೊಡನೆ ಬಣ್ಣವನ್ನು ಧಾರಾಳವಾದ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಣ್ಣ ಬಿದ್ದರೆ ಉಜ್ಜಗೊಡದೆ, ರೆಪ್ಪೆಯನ್ನು ತೆರೆದು ಹಿಡಿದು, ಶುದ್ಧವಾದ ನೀರನ್ನು ಕನಿಷ್ಠ ೧೫ ನಿಮಿಷಗಳ ಕಾಲ ಹರಿಯಬಿಡಬೇಕು. ನೋವೋ ಕೆಂಪೋ ಉಳಿದರೆ ನೇತ್ರವೈದ್ಯರ ಬಳಿಗೆ ಕರೆದೊಯ್ಯಬೇಕು. ಎಣ್ಣೆ, ತುಪ್ಪ, ಎದೆಹಾಲುಗಳನ್ನು ಕಣ್ಣಿಗೆ ಹಾಕುವ ಮನೆಮದ್ದುಗಳು ಸಲ್ಲವು. ಬಣ್ಣವನ್ನು ನುಂಗಿದ ಮಗುವಿಗೆ ಬಲವಂತವಾಗಿ ವಾಂತಿ ಮಾಡಿಸಬಾರದು.

ತುಟಿ, ರೆಪ್ಪೆಗಳು ಊದಿಕೊಳ್ಳುವುದು, ಉಸಿರಾಟ ಕಷ್ಟವಾಗುವುದು, ಪದೇಪದೇ ವಾಂತಿ, ತಲೆಸುತ್ತು, ತುಟಿ ಹಾಗೂ ಉಗುರುಗಳು ನೀಲಿಗಟ್ಟುವುದು ಇವು ಕೂಡಲೇ ಆಸ್ಪತ್ರೆ ಸೇರಬೇಕಾದ ಲಕ್ಷಣಗಳು. ಕೆಲವು ಕೈಗಾರಿಕಾ ಬಣ್ಣಗಳು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೇ ಕುಂದಿಸುವುದರಿಂದ ಮೈ ನೀಲಿಗಟ್ಟುತ್ತದೆ. ಇಲ್ಲಿ ಬೆಳಗಾಗಲಿ ನೋಡೋಣವೆನ್ನುವುದು ತರವಲ್ಲ. ಹೋಗುವಾಗ ಬಣ್ಣದ ಡಬ್ಬಿಯನ್ನೋ ಪೊಟ್ಟಣವನ್ನೋ ಜೊತೆಗೆ ಒಯ್ದರೆ ವೈದ್ಯರಿಗೆ ಚಿಕಿತ್ಸೆಯ ದಾರಿ ಬೇಗ ತಿಳಿಯುವುದು. ಧಾರಾವಿಯವರಿಗೆ ಸಾಯನ್ ಆಸ್ಪತ್ರೆ ಸಮೀಪದಲ್ಲಿಯೇ ಇರುವುದು ದೊಡ್ಡ ಅನುಕೂಲ.

ಸಂಘ-ಸಂಸ್ಥೆಗಳ ಹೊಣೆ

ಮನೆಯ ಹುಟ್ಟುಹಬ್ಬದಲ್ಲಿ ತಾಯಿ ಎಚ್ಚರ ವಹಿಸಬಹುದು. ಆದರೆ ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ವೇಷಭೂಷಣ ಸ್ಪರ್ಧೆಗಳಲ್ಲಿ ನೂರಾರು ಮಕ್ಕಳು ಒಂದೆಡೆ ಸೇರಿದಾಗ ಆ ಎಚ್ಚರ ವ್ಯವಸ್ಥಾಪಕರ ಪಾಲಿಗೆ ಬರುತ್ತದೆ. ಬಣ್ಣವನ್ನು ಸಂಘದ ವತಿಯಿಂದಲೇ ನೋಡಿ ಕೊಳ್ಳುವುದು, ರಶೀತಿ ಹಾಗೂ ಡಬ್ಬಿಗಳನ್ನು ಕಾದಿರಿಸುವುದು, ಪಾಲಕರ ಒಪ್ಪಿಗೆ ಪಡೆಯುವುದು, ಕೈತೊಳೆಯಲು ನೀರು-ಸಾಬೂನುಗಳನ್ನು ಒದಗಿಸುವುದು ಇವು ಕಷ್ಟದ ಕೆಲಸಗಳಲ್ಲ. ನಮ್ಮಲ್ಲಿ ಯಕ್ಷಗಾನದ ಬಣ್ಣಗಾರಿಕೆಯನ್ನು ಬಲ್ಲ ಹಿರಿಯರಿದ್ದಾರೆ. ಸುರಕ್ಷಿತವಾದ ಬಣ್ಣಗಳನ್ನು ಅವರ ಕೈಗಿತ್ತು ಒಂದು ಮಧ್ಯಾಹ್ನ ತರುಣ ತಾಯಂದಿರಿಗೆ ತರಬೇತಿಯನ್ನೇರ್ಪಡಿಸಿದರೆ, ಊರಿನ ಕಲೆಯ ಎಳೆಯೊಂದು ಮಹಾನಗರದ ಮಕ್ಕಳಿಗೂ ದಕ್ಕುವುದು. ಚಿಟ್ಟೆ, ಜೇಡಗಳ ಜೊತೆಗೆ ಹುಲಿವೇಷದ ಪಟ್ಟೆಯನ್ನೂ ಕೃಷ್ಣನ ನಾಮವನ್ನೂ ಅವರು ಕೆನ್ನೆಯ ಮೇಲೆ ಧರಿಸಿ ನಲಿಯಲಿ.

ಮಕ್ಕಳ ನಲಿವಿಗೆ ಅಡ್ಡಿ ಮಾಡುವುದು ಈ ಎಚ್ಚರಿಕೆಗಳ ಉದ್ದೇಶವಲ್ಲ. ಡಬ್ಬಿಯ ಮೇಲಿನ ಬರಹವನ್ನು ಓದುವುದಕ್ಕೆ ಬೇಕಾದುದು ಎರಡು ನಿಮಿಷ; ಸ್ಪಂಜನ್ನು ಕತ್ತರಿಸುವ ಶ್ರಮ ಅದಕ್ಕಿಂತಲೂ ಅಲ್ಪ. ಅಷ್ಟನ್ನು ಮಾಡಿದ ಪಾಲಕರು ಮುಂದಿನ ಹುಟ್ಟುಹಬ್ಬದಂದು ತಮ್ಮ ಮಗುವನ್ನು ಮನಸ್ಸಿನಲ್ಲಿ ಯಾವ ಅಳುಕೂ ಇಲ್ಲದೆ ಬಣ್ಣದ ಕುರ್ಚಿಯಲ್ಲಿ ಕೂರಿಸಬಹುದು.